ಚೀನೀಯರ ಸಿಹಿಸಾರಿನ ಪ್ರಾಚೀನತೆ

ಆಹಾರವೇ ಔಷಧವೆಂಬ ಭಾವನೆ ಚೀನಾದೇಶದಲ್ಲಿ ಬಹುಕಾಲದಿಂದ ಬೇರೂರಿದೆ. ಇದಕ್ಕೆ ನಿದರ್ಶನವಾಗಿ, ಬಿಳಿಯ ಮರದಣಬೆ, ತಾವರೆಯ ಬೀಜ, ಕೆಂಪು ಎಲಚಿ, ಕಲ್ಲುಸಕ್ಕರೆಗಳಿಂದ ಸಿದ್ಧವಾಗುವ ಸಿಹಿಸಾರನ್ನು ಇಂದು ಅನೇಕರು ಹೆಸರಿಸುತ್ತಾರೆ. ಇದು ಸಾವಿರಾರು ವರ್ಷಗಳಷ್ಟು ಹಳೆಯದೆಂಬ ಪ್ರತೀತಿಯುಂಟು. ಈ ಪ್ರತೀತಿಯಲ್ಲಿ ನಿಲ್ಲತಕ್ಕ ಅಂಶವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪಾಕಕ್ರಮವನ್ನು ನೋಡೋಣ. ಒಣಗಿದ ಅಣಬೆಯನ್ನು ನೀರಿನಲ್ಲಿ ನೆನೆಯಿಟ್ಟರೆ ಅದು ಹೂವಿನಂತೆ ಅರಳುತ್ತದೆ. ಬುಡದ ಗಡುಸು ಭಾಗವನ್ನು ಕತ್ತರಿಸಿ, ಉಳಿದುದನ್ನು ಸಣ್ಣಗೆ ಹರಿದು, ತಾವರೆಯ ಬೀಜದೊಡನೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಬೀಜದೊಳಗಿನ ಹಸಿರು ಮೊಳಕೆ ಕಹಿಯಾದುದರಿಂದ ಅದನ್ನು ಮೊದಲೇ ತೆಗೆದಿರುತ್ತಾರೆ. ಒಂದೆರಡು ಗಂಟೆಗಳಲ್ಲಿ ಅಣಬೆಯ ಅಂಟು ನೀರಿಗಿಳಿದು ಸಾರು ಗಂಜಿಯಂತೆ ಮಂದವಾಗುತ್ತದೆ. ನಡುವೆ ಎಲಚಿಯನ್ನೂ ಕೊನೆಗೆ ಕಲ್ಲುಸಕ್ಕರೆಯನ್ನೂ ಹಾಕುವುದು ವಾಡಿಕೆ. ಶರತ್ಕಾಲದ ಒಣಹವೆಯಲ್ಲಿ ಇದು ಶ್ವಾಸಕೋಶಕ್ಕೆ ತಂಪನ್ನೀಯುವುದೆಂದು ಚೀನೀ ವೈದ್ಯರ ಮತ.

ಇದರ ಹಿಂದಿರುವ ತತ್ತ್ವ ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ಹಾನ್ ವಂಶದ ಕಾಲಕ್ಕೆ ಪ್ರಚಾರಕ್ಕೆ ಬಂದಿದ್ದ 'ಜೌ ಲೀ' ಗ್ರಂಥವು ಅರಮನೆಯ ನಾಲ್ಕು ಬಗೆಯ ವೈದ್ಯರನ್ನು ಹೇಳುವಾಗ ಆಹಾರವೈದ್ಯರನ್ನೇ ಮೊದಲು ಹೆಸರಿಸುತ್ತದೆ. ಸುಮಾರು ಕ್ರಿ.ಶ. ೬೫೨ರಲ್ಲಿ ಸುನ್ ಸಿಮಿಯಾವೊ ರಚಿಸಿದ ವೈದ್ಯಗ್ರಂಥವು, ರೋಗವನ್ನು ಮೊದಲು ಆಹಾರದಿಂದ ಪಳಗಿಸಬೇಕು, ಅದು ಸಾಲದಾದಾಗಲೇ ಮದ್ದಿಗೆ ಕೈಹಾಕಬೇಕು ಎಂಬ ಅಭಿಪ್ರಾಯವನ್ನು ಪ್ರತಿಪಾದಿಸುತ್ತದೆ. ಮಂಗೋಲರ ಆಸ್ಥಾನದ ಪಥ್ಯಾಧಿಕಾರಿ ಹು ಸಿಹುಯಿ ೧೩೩೦ರಲ್ಲಿ ಚಕ್ರವರ್ತಿಗೆ ಒಪ್ಪಿಸಿದ ಪಾಕಗ್ರಂಥವೂ ಇದೇ ಪರಂಪರೆಗೆ ಸೇರಿದ್ದು. ಎಲಚಿ, ತಾವರೆಗಳನ್ನೂ 'ಶೆನ್‌ನೊಂಗ್'ನ ಹೆಸರಿನಲ್ಲಿರುವ ಪ್ರಾಚೀನ ನಿಘಂಟು ಉತ್ತಮ ವರ್ಗದ ಔಷಧಗಳಲ್ಲಿ ಎಣಿಸುತ್ತದೆ.

ಸಕ್ಕರೆಯ ವಿಷಯ ಬೇರೆ. ಪೂರ್ವಕಾಲದ ಚೀನೀಯರ ಸಿಹಿಯೆಂದರೆ ಜೇನು ಮತ್ತು ಮೊಳಕೆಧಾನ್ಯದ ಪಾಕ. ಕಬ್ಬಿನ ರಸದ ಪರಿಚಯವಿದ್ದರೂ ಸಕ್ಕರೆಯ ತಯಾರಿಕೆ ಪರಿಪಕ್ವವಾಗಿರಲಿಲ್ಲ. ೬೪೭ರಲ್ಲಿ ಟಾಂಗ್ ವಂಶದ ಚಕ್ರವರ್ತಿ ತೈಜೊಂಗ್ ನಮ್ಮ ಮಗಧಕ್ಕೆ ಜನರನ್ನು ಕಳುಹಿಸಿ ಸಕ್ಕರೆ ಕಾಯಿಸುವ ವಿಧಾನವನ್ನು ತರಿಸಿಕೊಂಡನೆಂದು ಆ ವಂಶದ ಇತಿಹಾಸದಲ್ಲಿ ದಾಖಲಾಗಿದೆ. ಚೀನೀ ಬೌದ್ಧಗ್ರಂಥಗಳು ಶರ್ಕರೆಗೆ 'ಕಲ್ಲುಜೇನು' ಎಂಬರ್ಥದ ಪದವನ್ನು ಬಳಸಿರುವುದು ಗಮನಾರ್ಹ. ಸಂಸ್ಕೃತದ 'ಶರ್ಕರಾ' ಶಬ್ದಕ್ಕೂ ಮೂಲಾರ್ಥ ಹರಳುಕಲ್ಲು. ಕನ್ನಡದ 'ಸಕ್ಕರೆ' ಅದರ ತದ್ಭವ. ಹರಳುಗಟ್ಟಿದ ಸಕ್ಕರೆಯ ಕುರಿತು ಸಿಚುವಾನ್‌ನ ವಾಂಗ್ ಜುವೊ ೧೨ನೆಯ ಶತಮಾನದಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದನು.

ಬಿಳಿಯ ಅಣಬೆಯ ಕಥೆ ಇನ್ನೂ ಈಚಿನದು. ಕಾಡಿನಲ್ಲಿ ವಿರಳವಾಗಿ ದೊರೆಯುತ್ತಿದ್ದುದರಿಂದ ಅದು ಬಹುಕಾಲ ಧನಿಕರ ಪದಾರ್ಥವಾಗಿತ್ತು. ಈ ಅಣಬೆ ತಾನಾಗಿ ಮರವನ್ನು ಜೀರ್ಣಿಸಿಕೊಳ್ಳಲಾರದು. ಮತ್ತೊಂದು ಶಿಲೀಂಧ್ರವನ್ನು ಆಶ್ರಯಿಸಿಯೇ ಬೆಳೆಯಬೇಕು. ಈ ಗುಟ್ಟು ತಿಳಿದು, ಎರಡನ್ನೂ ಒಟ್ಟಿಗೆ ಬೆಳೆಸುವ ಕ್ರಮ ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಫುಜಿಯಾನ್ ಪ್ರಾಂತದ ಗುಟಿಯನ್ ಮುಂತಾದೆಡೆ ಹಬ್ಬಿದ ಮೇಲೆಯೇ ಅದು ಸಾಮಾನ್ಯರ ಅಡಿಗೆಮನೆಗೆ ಬಂದಿತು.

ಆದುದರಿಂದ ತತ್ತ್ವಕ್ಕೆ ಎರಡು ಸಾವಿರ ವರ್ಷ, ಸಕ್ಕರೆಗೆ ಸಾವಿರದ ಚಿಲ್ಲರೆ ವರ್ಷ, ಬಡವನ ಬಟ್ಟಲಿನಲ್ಲಿ ಈ ಸಾರಿಗೆ ಒಂದು ಶತಮಾನವೂ ಇಲ್ಲ ಎಂದು ನಾವು ತೀರ್ಮಾನಿಸಬೇಕಾಗುತ್ತದೆ. ಇದರಿಂದ ಸಾರಿನ ಗೌರವಕ್ಕೆ ಕುಂದಿಲ್ಲ. ಆದರೆ ಹಳೆಯದೆಂಬ ಒಂದೇ ಕಾರಣದಿಂದ ಅದರ ರೋಗಹರತ್ವವನ್ನು ಸಾಧಿಸಲು ಹೊರಡುವವರಿಗೆ ಇತಿಹಾಸವು ಸಾಕ್ಷಿ ನುಡಿಯಲಾರದು; ಆ ನಿರ್ಣಯ ವೈದ್ಯಪರೀಕ್ಷೆಗೆ ಸೇರಿದ್ದು. ಪರಂಪರೆಯೆಂಬುದು ಕಾಲಕಾಲಕ್ಕೆ ದೂರದೇಶಗಳಿಂದಲೂ ದ್ರವ್ಯಗಳನ್ನು ಸ್ವೀಕರಿಸುತ್ತ ಬಂದಿರುವುದಕ್ಕೆ ಮಾತ್ರ ಇದು ಸ್ಪಷ್ಟವಾದ ನಿದರ್ಶನ.