ಹದಿನಾರಾಣೆಯ ಲೆಕ್ಕದಲ್ಲಿ ಹದಿನೈದರ ತಾಳೆ

ನಮ್ಮ ಶಾಲೆಯ ಎಂಟನೆಯ ಇಯತ್ತೆಯ ಹುಡುಗನೊಬ್ಬನು ತನ್ನ ಮುತ್ತಜ್ಜನ ಅಂಗಡಿಯ ೧೯೫೧ರ ಕಿರ್ದಿಯನ್ನು ತಂದು ನಮ್ಮ ಮುಂದೆ ಹಿಡಿದನು. ೩ ರೂಪಾಯಿ ೯ ಆಣೆಗೆ ೨ ರೂಪಾಯಿ ೧೨ ಆಣೆ ಕೂಡಿಸಿ ೬ ರೂಪಾಯಿ ೫ ಆಣೆ ಎಂದು ಅಲ್ಲಿ ಬರೆದಿತ್ತು. “ಸರ್, ನಮ್ಮ ಮುತ್ತ್ಯಾಗ ಕೂಡಿಸಾಕ ಬರ್ತಿದ್ದಿಲ್ಲೇನ್ರಿ?” ಎಂದು ಅವನು ಕೇಳಿದಾಗ ವರ್ಗವೆಲ್ಲ ನಕ್ಕಿತು. ಹುಡುಗನ ಮುಖ ಮಾತ್ರ ಸಪ್ಪಗಾಗಿತ್ತು.

ಮುತ್ತಜ್ಜನ ಲೆಕ್ಕ ಸರಿಯಾಗಿಯೇ ಇದೆ. ಒಂಬತ್ತೂ ಹನ್ನೆರಡೂ ಕೂಡಿ ಇಪ್ಪತ್ತೊಂದು ಆಣೆ. ಹದಿನಾರಕ್ಕೆ ಒಂದು ರೂಪಾಯಿ ತುಂಬಿ ಐದಾಣೆ ಉಳಿಯಿತು. ಆಣೆಗಳ ಸಂಖ್ಯೆಯನ್ನು ರೂಪಾಯಿ, ಆಣೆ ಎಂದು ಎರಡು ಮನೆಗಳಲ್ಲಿ ಬರೆಯುವುದೆಂದರೆ ಹತ್ತರ ಬದಲು ಹದಿನಾರನ್ನು ಆಧಾರವಾಗಿಟ್ಟು ಬರೆದಂತೆಯೇ.

ಒಂಬತ್ತರ ಮಗ್ಗಿಯಲ್ಲಿ ೧೮, ೨೭, ೩೬ ಹೀಗೆ ಅಂಕಿಗಳು ಕೂಡಿ ಒಂಬತ್ತೇ ಆಗುವುದನ್ನು ಎಲ್ಲರೂ ಬಲ್ಲರು. ಆ ಬಲದಿಂದ ಲೆಕ್ಕದ ತಾಳೆ ನೋಡುವ ಕ್ರಮವನ್ನು ಎರಡನೆಯ ಆರ್ಯಭಟನು ‘ಮಹಾಸಿದ್ಧಾಂತ’ದಲ್ಲಿ ಹೇಳಿದ್ದಾನೆ. ಆದರೆ ಈ ಮಹಿಮೆ ಒಂಬತ್ತರದ್ದೇ ಎಂದು ನಂಬಿಸುವುದು ನಮ್ಮ ಶಿಕ್ಷಕರ ತಪ್ಪು. ಪ್ರತಿಯೊಂದು ಹತ್ತರಿಂದ ಒಂಬತ್ತು ಕಳೆದರೆ ಒಂದು ಉಳಿಯುತ್ತದೆ, ಗುಟ್ಟು ಇಷ್ಟೆ. ಹಾಗೆಯೇ ಪ್ರತಿಯೊಂದು ರೂಪಾಯಿಯಿಂದ ಹದಿನೈದಾಣೆ ಕಳೆದರೆ ಒಂದಾಣೆ ಉಳಿಯುತ್ತದೆ. ಆದುದರಿಂದ ಇಲ್ಲಿ ಆ ಸ್ಥಾನ ಹದಿನೈದಕ್ಕೆ. ಹದಿನೈದೆರಡ್ಲ ೧ ರೂಪಾಯಿ ೧೪ ಆಣೆ, ಹದಿನೈದು ಮೂರ್ಲ ೨ ರೂಪಾಯಿ ೧೩ ಆಣೆ. ಎರಡೂ ಮನೆಗಳನ್ನು ಕೂಡಿಸಿದರೆ ಹದಿನೈದೇ. ಕಿರ್ದಿಯ ಲೆಕ್ಕದಲ್ಲಿ ಮೂರೂ ಒಂಬತ್ತೂ ಹನ್ನೆರಡು, ಎರಡೂ ಹನ್ನೆರಡೂ ಹದಿನಾಲ್ಕು; ಒಟ್ಟು ಇಪ್ಪತ್ತಾರರಲ್ಲಿ ಹದಿನೈದು ಕಳೆದರೆ ಹನ್ನೊಂದು. ಉತ್ತರದ ಆರೂ ಐದೂ ಕೂಡಿ ಹನ್ನೊಂದೇ. (ರೂಪಾಯಿ ಆಣೆಗಳು ಅದಲುಬದಲಾದರೆ ಮಾತ್ರ ಈ ತಾಳೆಗೆ ತಿಳಿಯದು!)

ಸಂಖ್ಯೆಯ ಗುಣ ಯಾವುದು, ಬರಹದ ಗುಣ ಯಾವುದು ಎಂಬ ವಿವೇಚನೆಗೆ ನಮ್ಮ ಮಹಾವೀರಾಚಾರ್ಯನೇ ಸಾಕು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೯ನೆಯ ಶತಮಾನದಲ್ಲಿ, ಅವನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಕಂಠಹಾರದಂತೆ ಕಾಣುವ ಗುಣಲಬ್ಧಗಳಿವೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ಇದನ್ನೇ ಹದಿನಾರರ ಆಧಾರದಲ್ಲಿ ಬರೆದರೆ ಮನೆಗಳಲ್ಲಿ ಕ್ರಮವಾಗಿ ಹತ್ತು, ಒಂಬತ್ತು, ಎಂಟು, ಹತ್ತು, ಹನ್ನೆರಡು, ಏಳು ಬರುತ್ತವೆ. ಗುಣಾಕಾರ ಕೆಡಲಿಲ್ಲ, ಹಾರ ಹರಿಯಿತು. ಅವನದೇ ಇನ್ನೊಂದು ಹಾರ ೧೨೩೪೫೬೫೪೩೨೧ ಮಾತ್ರ ಬೇರೆ ಜಾತಿಯದು. ಆರು ಒಂದುಗಳನ್ನು ಸಾಲಾಗಿ ಬರೆದು ವರ್ಗ ಮಾಡಿದರೆ ಅದು ಬರುತ್ತದೆ. ಹದಿನಾರರ ಆಧಾರದಲ್ಲಿ ಹೀಗೆಯೇ ಮಾಡಿದರೂ ದಶಕ ಒಯ್ಯುವ ಪ್ರಸಂಗವಿಲ್ಲದ್ದರಿಂದ ಅಂಕಿಗಳ ಸಾಲು ಹಾಗೆಯೇ ನಿಲ್ಲುತ್ತದೆ.

೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯಾಪೈಸೆಯಾದಾಗ ಇದರ ಪರಿಣಾಮ ಕೈಯ ಹಣಕ್ಕೇ ತಟ್ಟಿತು. ಹದಿನಾರನ್ನು ನಾಲ್ಕು ಸಲ ಅರ್ಧ ಮಾಡಬಹುದು. ನೂರು ಎರಡೇ ಅರ್ಧಗಳಿಗೆ ಇಪ್ಪತ್ತೈದಾಗಿ ನಿಲ್ಲುತ್ತದೆ. ಆಣೆಗೆ ಆರೂಕಾಲು ಬರಬೇಕಾದುದರಿಂದ ಒಂದಾಣೆಗೆ ೬, ಮೂರಾಣೆಗೆ ೧೯ ನಯಾಪೈಸೆ ಎಂದು ಕೋಷ್ಟಕ ಮಾಡಿದರು. ಒಂದೊಂದಾಣೆಯಂತೆ ಮೂರು ಸಲ ಕೊಟ್ಟವನದು ೧೮ರಲ್ಲೇ ತೀರುತ್ತಿತ್ತು.

ಹುಡುಗನು ಕಿರ್ದಿಯನ್ನು ಮರಳಿ ತೆಗೆದುಕೊಂಡು ಹದಿನೈದರ ತಾಳೆ ಹಾಕುತ್ತ ಕುಳಿತನು. ಮುಂದಿನ ಪುಟದಲ್ಲಿ ೧ ರೂಪಾಯಿ ೧೪ ಆಣೆಗೆ ೨ ರೂಪಾಯಿ ೭ ಆಣೆ ಕೂಡಿಸಿ ೪ ರೂಪಾಯಿ ೪ ಆಣೆ ಎಂದಿತ್ತು. ಒಂಬತ್ತು ಉಳಿಯಬೇಕಾದಲ್ಲಿ ಎಂಟು. ಮುತ್ತಜ್ಜ ಗಿರಾಕಿಗೆ ಒಂದಾಣೆ ಬಿಟ್ಟಿದ್ದ.