ಹತ್ತು ವರ್ಷದ ಬೀಗ

1991ರ ಡಿಸೆಂಬರ್ ಕೊನೆಯ ದಿನಗಳಲ್ಲಿ ಕೇಂದ್ರ ಸರಕಾರ ಅವಸರದಿಂದ ಒಂದು ಸುಗ್ರೀವಾಜ್ಞೆ ಹೊರಡಿಸಿತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಲೇಖಕನ ಮರಣಾನಂತರ 50 ವರ್ಷ ಕೃತಿಸ್ವಾಮ್ಯವೆಂಬುದು 1957ರ ಕಾಯ್ದೆಯ ನಿಯಮ. ಅದರಂತೆ 1992ರ ಜನವರಿ 1ರಂದು ಅವರ ಕೃತಿಗಳು ಎಲ್ಲರ ಸೊತ್ತಾಗಬೇಕಿತ್ತು. ಆದರೆ ಹಕ್ಕು ಹೊಂದಿದ್ದ ವಿಶ್ವಭಾರತಿಗಾಗಿ 50 ಇದ್ದದ್ದು 60 ಆಯಿತು. 1992ರಲ್ಲಿ ಸಂಸತ್ತು ಅದನ್ನೇ ಕಾನೂನು ಮಾಡಿತು.

ಒಬ್ಬ ಕವಿಗಾಗಿ ಹಾಕಿದ ಬೀಗ ಎಲ್ಲ ಭಾಷೆಗಳ ಬಾಗಿಲಿಗೂ ಬಿತ್ತು. 1946ರಲ್ಲಿ ನಿಧನರಾದ ಬಿ.ಎಂ.ಶ್ರೀ ಮತ್ತು ಟಿ.ಪಿ. ಕೈಲಾಸಂ ಅವರ ಬರಹಗಳು 1997ರ ಬದಲು 2007ರಲ್ಲಿ ಮುಕ್ತವಾದವು. ಜಯನಗರ, ಬನಶಂಕರಿಯ ಓದುಗರಿಗೆ ನೆರೆಯವರೇ ಆದ ಬಸವನಗುಡಿಯ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಹಳೆಯ ನಿಯಮವಿದ್ದರೆ ಅವರ ಕಗ್ಗ 2026ರ ಜನವರಿ 1ಕ್ಕೆ ಜನರದಾಗುತ್ತಿತ್ತು, ಈಗ 2036. ಗವಿಪುರದ ಮಾಸ್ತಿಯವರ ಕಥೆಗಳಿಗೆ 2047.

ಕೃತಿಸ್ವಾಮ್ಯ ಹುಟ್ಟಿದ್ದು ಹೀಗಲ್ಲ. ಇಂಗ್ಲೆಂಡಿನ 1710ರ ಕಾಯ್ದೆ ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಮತ್ತೆ 14 ವರ್ಷ ರಕ್ಷಣೆ ಕೊಟ್ಟಿತು. ಲೇಖಕನಿಗೆ ಅನ್ನ, ಆಮೇಲೆ ಸಮಾಜಕ್ಕೆ ಅಕ್ಷರ ಎಂಬುದೇ ಆ ಒಪ್ಪಂದ. ಅದನ್ನು ಹಿಗ್ಗಿಸುತ್ತಾ ಹೋದವರು ಹೆಚ್ಚಾಗಿ ಹಕ್ಕುಗಳನ್ನು ಕೊಂಡ ವ್ಯಾಪಾರಿಗಳು. 1998ರಲ್ಲಿ ಅಮೆರಿಕ ಅವಧಿಯನ್ನು 20 ವರ್ಷ ಹೆಚ್ಚಿಸಿದಾಗ ಅದಕ್ಕಾಗಿ ಒತ್ತಾಯಿಸಿದವರಲ್ಲಿ ಡಿಸ್ನಿ ಕಂಪೆನಿ ಪ್ರಮುಖವಾಗಿತ್ತು. 1928ರ ಮಿಕ್ಕಿ ಮೌಸ್ ಚಿತ್ರ ಮುಕ್ತವಾದದ್ದು 2024ರಲ್ಲಿ. ಅದನ್ನು ಸೃಷ್ಟಿಸಿದ ವಾಲ್ಟ್ ಡಿಸ್ನಿ 1966ರಲ್ಲೇ ತೀರಿಕೊಂಡಿದ್ದರು.

ನಮ್ಮಲ್ಲಿಯೂ ಇದರ ಸೂಕ್ಷ್ಮ ಕಾಣಬೇಕಾದರೆ ಶಿಶುನಾಳ ಶರೀಫರನ್ನು ನೋಡಬೇಕು. 1889ರಲ್ಲಿ ಅಗಲಿದ ಶರೀಫರ ತತ್ವಪದಗಳಿಗೆ ಒಡೆಯರಿಲ್ಲ; ಯಾರೂ ಹಾಡಬಹುದು, ಅಚ್ಚು ಹಾಕಬಹುದು. ಸಿ. ಅಶ್ವಥ್ ಅವುಗಳನ್ನು ಮನೆಮನೆಗೆ ಮುಟ್ಟಿಸಿದ್ದು ಈ ಸ್ವಾತಂತ್ರ್ಯದಿಂದಲೇ. ಆದರೆ ಧ್ವನಿಮುದ್ರಣಕ್ಕೆ ಬಿಡುಗಡೆಯಾದ ಮೇಲೆ 60 ವರ್ಷ ಪ್ರತ್ಯೇಕ ಹಕ್ಕಿದೆ. ಪದ ಎಲ್ಲರದು; ಕ್ಯಾಸೆಟ್ಟಿನ ಹಾಡು ಹಕ್ಕುಳ್ಳವರದು.

ಲೇಖಕರ ಮಕ್ಕಳಿಗೆ ಗೌರವಧನ ಸಿಗಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಕನ್ನಡದ ಎಷ್ಟು ಹಳೆಯ ಪುಸ್ತಕಗಳಿಂದ ಯಾರಿಗಾದರೂ ಕಾಸು ಬರುತ್ತಿದೆ? ಮರುಮುದ್ರಣವಿಲ್ಲ, ವಾರಸುದಾರರ ವಿಳಾಸವಿಲ್ಲ. ಅನುಮತಿಯಿಲ್ಲದೆ ಬೇರೆಯವರು ಅಚ್ಚು ಹಾಕುವಂತಿಲ್ಲ. ಅವಧಿ ಮುಗಿಯುವುದರೊಳಗೆ ಗ್ರಂಥಾಲಯದ ಪ್ರತಿ ಗೆದ್ದಲಿನ ಪಾಲು. ದೊಡ್ಡ ಕಂಪೆನಿಗಳ ಲಾಭಕ್ಕೆ ಹೊಲಿದ ಅಂಗಿಯನ್ನು ಸಣ್ಣ ಭಾಷೆಗೂ ತೊಡಿಸಿದ ಫಲವಿದು.

ಬೇರೆ ದಾರಿಯೂ ಇದೆ. 2014ರಲ್ಲಿ ನಿರಂಜನರ ಕುಟುಂಬ ಅವರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತಗೊಳಿಸಿತು. ಕಾನೂನು ಕೊಡದ್ದನ್ನು ಮನೆಯವರು ಕೊಟ್ಟರು. ಯುರೋಪ್, ಅಮೆರಿಕಗಳಲ್ಲಿ ಈಗಾಗಲೇ ಮರಣಾನಂತರ 70 ವರ್ಷವಿದೆ. ನಾಳೆ ನಮ್ಮ ಸಂಸತ್ತಿನ ಮುಂದೆಯೂ ಆ ಬೇಡಿಕೆ ಬಂದರೆ, 1991ರಂತೆ ಈ ಸಲವೂ ಓದುಗನನ್ನು ಕೇಳದೆ ಬೀಗ ಬೀಳಬಾರದು.