ಕೆಸರಿನ ಮೇಲೆ ಓಡಿದ ಬಂಡಿ

ಥಾಣೆ ಖಾಡಿಗೆ ಎರಡು ಮುಖ. ಭರತದ ಹೊತ್ತಿನಲ್ಲಿ ಅದು ಐರೋಳಿ, ವಾಶಿಗಳನ್ನು ಹಾದು ಬರುವ ಸಮುದ್ರದ ಅಗಲವಾದ ತೋಳು. ಇಳಿತವಾದಾಗ ನೀರು ನಡುವಿನ ಕಾಲುವೆಗೆ ಸರಿಯುತ್ತದೆ, ಎರಡೂ ಬದಿ ಬೂದುಬಣ್ಣದ ಕೆಸರು ಉಳಿಯುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಆ ಕೆಸರಿನಲ್ಲಿ ಸಾವಿರಾರು ಫ್ಲೆಮಿಂಗೊಗಳು ಮೇಯುತ್ತವೆ. ಹಕ್ಕಿಗೆ ಅನ್ನ ಕೊಡುವ ಈ ಕೆಸರು ದೋಣಿಗೆ ಮಾತ್ರ ಕಂಟಕ. ಅದರ ಮೇಲೆ ತೇಲಲು ನೀರಿಲ್ಲ, ನಡೆಯಲು ನೆಲ ಗಟ್ಟಿಯಿಲ್ಲ. ನೀರಿನಲ್ಲೂ ನೆಲದಲ್ಲೂ ಓಡಬಲ್ಲ ಉಭಯಚರ ವಾಹನಕ್ಕೆ ಹೇಳಿ ಮಾಡಿಸಿದ ಜಾಗ ಇದು ಎಂದು ಯಾರಿಗಾದರೂ ಅನ್ನಿಸಬೇಕು. ಒಮ್ಮೆ ಹಾಗೆ ಅನ್ನಿಸಿಯೂ ಇತ್ತು. 1990ರ ದಶಕದ ಕೊನೆಯ ಭಾಗದಲ್ಲಿ ನವಿ ಮುಂಬಯಿಯ ಬೇಲಾಪುರದಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋವರ್‌ಕ್ರಾಫ್ಟ್ ಓಡಿತು. ಕೆಲವೇ ಕಾಲ ಓಡಿ ನಿಂತೂ ಹೋಯಿತು.

ಈ ಸೀಮೆಗೆ ಜಲಮಾರ್ಗ ಹೊಸದೇನಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್'ನಲ್ಲಿ ಕಲ್ಯಾಣದ ಹೆಸರು ಬಂದರಾಗಿಯೇ ಬರುತ್ತದೆ. ಉಲ್ಹಾಸ್ ನದಿಯ ಖಾಡಿ ಹಿಡಿದು ಹಡಗುಗಳು ಅಲ್ಲಿಯವರೆಗೆ ಬರುತ್ತಿದ್ದವು. ಹದಿನೇಳನೆಯ ಶತಮಾನದಲ್ಲಿ ಕಲ್ಯಾಣ ಮತ್ತು ಭಿವಂಡಿಯನ್ನು ಗೆದ್ದ ಶಿವಾಜಿ ತನ್ನ ನೌಕಾಬಲ ಕಟ್ಟಲು ತೊಡಗಿದ್ದೂ ಈ ಖಾಡಿಯ ದಡದಲ್ಲೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ರೈಲು ಬಂತು, ಮರುವರ್ಷ ಕಲ್ಯಾಣಕ್ಕೂ ತಲುಪಿತು. ಹಳಿ ಬಂದ ಮೇಲೆ ಊರಿನ ಮುಖ ನೀರಿನಿಂದ ಸ್ಟೇಷನ್ನಿನ ಕಡೆಗೆ ತಿರುಗಿತು. ಇಂದು ಡೊಂಬಿವಲಿಯಿಂದ ಮುಂಬಯಿಗೆ ದುಡಿಯಲು ಹೋಗುವ ಸಾವಿರಾರು ಕನ್ನಡಿಗರಿಗೆ ಖಾಡಿ ಎಂದರೆ ಲೋಕಲ್ ಗಾಡಿಯ ಕಿಟಕಿಯಲ್ಲಿ ಕ್ಷಣಹೊತ್ತು ಕಾಣುವ ನೀರು, ಅಷ್ಟೇ.

ನವಿ ಮುಂಬಯಿ ಹುಟ್ಟಿದ್ದು ಖಾಡಿಯ ಆಚೆ ದಡದಲ್ಲಿ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಯಿತು, 1973ರಲ್ಲಿ ವಾಶಿಗೆ ಮೊದಲ ಸೇತುವೆ ಬಂತು. ರೈಲು ಖಾಡಿ ದಾಟಿದ್ದು 1992ರಲ್ಲಿ. ಈ ನಡುವೆ ಹೊಸ ನಗರಕ್ಕೆ ಮನೆ ಬದಲಿಸಿದವರಲ್ಲಿ ಬಹಳ ಮಂದಿಯ ಕಚೇರಿಗಳು ದಕ್ಷಿಣ ಮುಂಬಯಿಯಲ್ಲೇ ಉಳಿದವು. ಗೇಟ್‌ವೇ ಕಡೆಗೆ ನೀರಿನ ಮೇಲೆ ನೇರ ದಾರಿಯಿದೆ, ನೆಲದ ಮೇಲಾದರೆ ಸೇತುವೆ ದಾಟಿ ಸುತ್ತಿ ಹೋಗಬೇಕು. ಈ ಸುತ್ತನ್ನು ತಪ್ಪಿಸುವ ಆಸೆಯೇ ಹೋವರ್‌ಕ್ರಾಫ್ಟನ್ನು ಇಲ್ಲಿಗೆ ತಂದದ್ದು. ಅದೇ ದಶಕದಲ್ಲಿ ಗಿರ್‌ಗಾಂವ್ ಚೌಪಾಟಿಯಿಂದ ಜುಹು ಬೀಚಿಗೂ ಇಂಥದೇ ಒಂದು ಸೇವೆ ಇತ್ತು.

ಹೋವರ್‌ಕ್ರಾಫ್ಟಿನ ತತ್ವ ಸರಳ. ದೊಡ್ಡ ಫ್ಯಾನು ಗಾಳಿಯನ್ನು ಒಡಲಿನ ಕೆಳಗೆ ನೂಕುತ್ತದೆ. ಸುತ್ತಲೂ ಇಳಿಬಿಟ್ಟ ರಬ್ಬರಿನ 'ಲಂಗ' ಆ ಗಾಳಿಯನ್ನು ಹಿಡಿದಿಡುತ್ತದೆ. ಗಾಳಿಯ ಆ ಮೆತ್ತೆಯ ಮೇಲೆ ಬಂಡಿ ಎದ್ದು ನಿಲ್ಲುತ್ತದೆ, ಹಿಂದಿನ ಪ್ರೊಪೆಲ್ಲರ್ ಮುಂದಕ್ಕೆ ದೂಡುತ್ತದೆ. ಕೆಳಗಿರುವುದು ನೀರೋ, ಮರಳೋ, ಮೊಣಕಾಲುದ್ದ ಕೆಸರೋ ಅದಕ್ಕೆ ಲೆಕ್ಕವಿಲ್ಲ. ಇಂಗ್ಲೆಂಡಿನ ಕ್ರಿಸ್ಟೊಫರ್ ಕಾಕರೆಲ್ 1950ರ ದಶಕದಲ್ಲಿ ಖಾಲಿ ಡಬ್ಬಿಗಳನ್ನು ಒಂದರೊಳಗೊಂದಿಟ್ಟು ಗಾಳಿ ಊದಿ ಈ ತತ್ವವನ್ನು ಪರೀಕ್ಷಿಸಿದ. 1959ರ ಜುಲೈ 25ರಂದು ಎಸ್‌ಆರ್.ಎನ್1 ಎಂಬ ಮೊದಲ ಬಂಡಿ ಇಂಗ್ಲಿಷ್ ಕಾಲುವೆಯನ್ನು ದಾಟಿತು.

ಓಡಿಸುವುದು ಮಾತ್ರ ಅಷ್ಟು ಸರಳವಲ್ಲ. ನೆಲವನ್ನು ಕಚ್ಚಿ ಹಿಡಿಯುವ ಚಕ್ರವಿಲ್ಲದ್ದರಿಂದ ಕಾರಿನಂಥ ಬ್ರೇಕೂ ಇಲ್ಲ. ಅಡ್ಡಗಾಳಿ ಬೀಸಿದರೆ ಬಂಡಿ ಮೂತಿಯನ್ನು ಒಂದು ಕಡೆ ಇಟ್ಟು ಇನ್ನೊಂದು ಕಡೆ ಜಾರುತ್ತದೆ. ನಿಲ್ಲಿಸುವ ಜಾಗವನ್ನು ಚಾಲಕ ಬಹಳ ಮೊದಲೇ ಅಂದಾಜು ಮಾಡಿರಬೇಕು. ಇನ್ನು ಇಟ್ಟುಕೊಳ್ಳುವ ಕಷ್ಟ ಬೇರೆ. ಲಂಗದ ಅಂಚು ಕಲ್ಲು, ಚಿಪ್ಪು, ಕಾಂಕ್ರೀಟಿಗೆ ಉಜ್ಜಿ ಸವೆಯುತ್ತದೆ, ಅದನ್ನು ತುಂಡು ತುಂಡಾಗಿ ಬದಲಿಸುತ್ತಲೇ ಇರಬೇಕು. ಬಂಡಿ ತಾನೇ ಎಬ್ಬಿಸುವ ಉಪ್ಪುನೀರಿನ ತುಂತುರು ಎಂಜಿನ್ನಿಗೂ ಫ್ಯಾನಿಗೂ ಮೆತ್ತಿಕೊಳ್ಳುತ್ತದೆ, ಸಿಹಿನೀರಿನಲ್ಲಿ ತೊಳೆಯದಿದ್ದರೆ ತುಕ್ಕು ತಿನ್ನುತ್ತದೆ. ಬಂಡಿ ಹಳತಾದಷ್ಟೂ ಈ ಕೆಲಸ ಹೆಚ್ಚು.

ಇದು ಹೋವರ್‌ಕ್ರಾಫ್ಟ್ ಒಂದರ ಕಥೆಯಲ್ಲ, ಉಭಯಚರ ಕುಲದ ಎಲ್ಲ ಬಂಡಿಗಳದ್ದೂ ಹೌದು. 1960ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಆಂಫಿಕಾರ್ ರಸ್ತೆಯಲ್ಲೂ ಕೆರೆಯಲ್ಲೂ ಓಡುತ್ತಿತ್ತು. ನೀರಿಗಿಳಿಸುವ ಮಾಲೀಕ ಅದಕ್ಕೆ ಮೇಲಿಂದ ಮೇಲೆ ಹಲವು ಕಡೆ ಗ್ರೀಸ್ ತುಂಬಬೇಕಿತ್ತು, ಅದರಲ್ಲಿ ಒಂದು ಜಾಗಕ್ಕೆ ಕೈ ಹೋಗಬೇಕಾದರೆ ಹಿಂದಿನ ಸೀಟನ್ನೇ ಕಳಚಬೇಕು. ಅದೇ ಕಾಲದಲ್ಲಿ ಕೆನಡಾದಲ್ಲಿ ಆರು ಚಕ್ರದ ಪುಟ್ಟ ಬಂಡಿಗಳು ಹುಟ್ಟಿದವು. 1967ರಲ್ಲಿ ಶುರುವಾದ ಆರ್ಗೊ ಇಂದಿಗೂ ತಯಾರಾಗುತ್ತಿದೆ. ಅದರ ಒಡಲು ಒಂದು ತೊಟ್ಟಿ. ಉಬ್ಬಿದ ಮೆತ್ತನೆಯ ಟೈರುಗಳು ನೆಲದಲ್ಲಿ ಚಕ್ರ, ನೀರಿನಲ್ಲಿ ಹುಟ್ಟುಗೋಲು. ಒಂದು ಬದಿಯ ಚಕ್ರಗಳನ್ನು ತಡೆದರೆ ಬಂಡಿ ಆ ಕಡೆಗೆ ತಿರುಗುತ್ತದೆ. ನೀರಿನಲ್ಲಿ ಅದರ ವೇಗ ಮನುಷ್ಯನ ನಡಿಗೆಯಷ್ಟು. ಆದರೆ ತೊಟ್ಟಿಯ ಗೋಡೆಯನ್ನು ತೂರಿ ಹೊರಬರುವ ಅಚ್ಚುಗಳ ಸೀಲು ಸವೆದರೆ ನೀರು ಒಳಗೆ ಬರುತ್ತದೆ. ಚೈನುಗಳು ಸಡಿಲವಾಗುತ್ತವೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಹಳೆಯ ಬಂಡಿಯನ್ನು ಕೊಂಡವನು ಏಕಕಾಲಕ್ಕೆ ಕಾರನ್ನೂ ದೋಣಿಯನ್ನೂ ಸಾಕಬೇಕು.

ಹಾಗಿದ್ದರೂ ಈ ಬಂಡಿಗಳನ್ನು ಕೊಳ್ಳುವಾಗ ಮನಸ್ಸು ಉಲ್ಟಾ ಲೆಕ್ಕ ಹಾಕುತ್ತದೆ. ದೋಣಿಗೆ ಜೆಟ್ಟಿ ಕಟ್ಟಬೇಕು, ಹೂಳೆತ್ತಬೇಕು. ಕೆಸರಿನ ಮೇಲೇ ಓಡುವ ಬಂಡಿಗೆ ಅದೆಲ್ಲ ಯಾಕೆ ಎಂದು ಅನ್ನಿಸುತ್ತದೆ. ಅಂದರೆ ದಡದ ಖರ್ಚು ಉಳಿಯಿತು ಎಂಬ ಭರವಸೆ. ಮುಂಬಯಿಯ ಹೋವರ್‌ಕ್ರಾಫ್ಟ್ ಸೇವೆಗಳು ನಿಂತದ್ದಕ್ಕೆ ಮುಖ್ಯವಾಗಿ ಹೇಳಲಾಗುವ ಕಾರಣವೇ ದಡದಲ್ಲಿ ಸಾಕಷ್ಟು ಸೌಕರ್ಯ ಇರಲಿಲ್ಲ ಎಂಬುದು. ಬಂಡಿಗೆ ಕೆಸರು ಅಡ್ಡಿಯಲ್ಲ, ಆದರೆ ಪ್ರಯಾಣಿಕ ಒಣಗಿದ ಚಪ್ಪಲಿಯಲ್ಲಿ ಹತ್ತಿ ಇಳಿಯಬೇಕಲ್ಲ! ಅವನಿಗೆ ಇಳಿಜಾರು ಕಟ್ಟೆ ಬೇಕು, ನಿಲ್ದಾಣ ಬೇಕು, ಅಲ್ಲಿಂದ ಮುಂದಕ್ಕೆ ಬಸ್ಸು ಬೇಕು. ಬಂಡಿಗೂ ಶೆಡ್ಡು, ಬಿಡಿಭಾಗ, ನುರಿತ ಮೆಕ್ಯಾನಿಕ್ ಬೇಕು.

ಇಂಗ್ಲಿಷ್ ಕಾಲುವೆಯಲ್ಲೂ ಕೊನೆಗೆ ಇಂಥದೇ ಆಯಿತು. ಕಾರುಗಳನ್ನೂ ಹೊತ್ತೊಯ್ಯುವ ದೈತ್ಯ ಹೋವರ್‌ಕ್ರಾಫ್ಟುಗಳು 1968ರಿಂದ ಅಲ್ಲಿ ಓಡಿದವು. 1994ರಲ್ಲಿ ಸಮುದ್ರದಡಿಯ ಸುರಂಗ ತೆರೆಯಿತು. ಬಂಡಿಗಳಿಗೆ ವಯಸ್ಸಾಗಿತ್ತು, ಖರ್ಚು ಏರಿತ್ತು. 2000ದ ಅಕ್ಟೋಬರಿನಲ್ಲಿ ಕೊನೆಯ ಓಟ ಮುಗಿಯಿತು. ಅಷ್ಟರಲ್ಲಿ ಅವು ಮೂವತ್ತೆರಡು ವರ್ಷ ದುಡಿದಿದ್ದವು. ದಡದ ಖರ್ಚನ್ನು ಹೊರುವವರು ಇದ್ದುದರಿಂದಲೇ ಅಷ್ಟು ದೀರ್ಘ ಬಾಳು. ಭಾರತದಲ್ಲಿ ಆ ಭಾರ ಹೊತ್ತದ್ದು ಕೋಸ್ಟ್ ಗಾರ್ಡ್. ಕಛ್, ಮಂಡಪಂ, ಹಲ್ದಿಯಾದಂಥ ಆಳವಿಲ್ಲದ ತೀರಗಳಲ್ಲಿ ಅದರ ಗ್ರಿಫನ್ ಹೋವರ್‌ಕ್ರಾಫ್ಟುಗಳು ಗಸ್ತು ತಿರುಗುತ್ತವೆ. 2024ರ ಅಕ್ಟೋಬರಿನಲ್ಲಿ ಇನ್ನೂ ಆರಕ್ಕೆ 387.44 ಕೋಟಿ ರೂಪಾಯಿಯ ಒಪ್ಪಂದವಾಯಿತು. ಟಿಕೆಟ್ ಮಾರಿ ಬದುಕಬೇಕಾಗಿಲ್ಲದ ಒಡೆಯನ ಕೈಯಲ್ಲಿ ಈ ಬಂಡಿ ಬಾಳುತ್ತದೆ.

ಪ್ರಶ್ನೆ ಬರೀ ಪ್ರಯಾಣದ್ದಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಸೀಮೆಯಲ್ಲಿ ನೆಲವೇ ಆಗಾಗ ನೀರಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣದ ಮನೆಗಳಿಗೆ ನುಗ್ಗಿತು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಯ ನಡುವೆ ನೀರಿನಲ್ಲಿ ಸಿಕ್ಕಿಬಿತ್ತು. ಖಾಡಿಯನ್ನು ಹಿಂದಿಕ್ಕಿದ್ದ ಅದೇ ಹಳಿಯ ಮೇಲೆ ಸುಮಾರು 1,050 ಪ್ರಯಾಣಿಕರು ಗಂಟೆಗಟ್ಟಲೆ ಕಾದರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ನೌಕಾಪಡೆ ಮತ್ತು ಸ್ಥಳೀಯರು ಸೇರಿ ಎಲ್ಲರನ್ನೂ ಉಳಿಸಿದರು. ಕೆಲಸಕ್ಕೆ ಬಂದದ್ದು ಗಾಳಿ ತುಂಬಿದ ರಬ್ಬರ್ ದೋಣಿಗಳು. ಮಡಚಿ ಲಾರಿಯಲ್ಲಿ ಒಯ್ಯಬಹುದಾದ, ರಿಪೇರಿ ಸುಲಭವಾದ, ಹುಟ್ಟುಹಾಕಲು ಹತ್ತಾರು ಜನ ಕಲಿತಿರುವ ದೋಣಿಗಳು.

ಆ ದಿನ ಗೆದ್ದದ್ದು ಹೊರಡಲು ಸಿದ್ಧವಾಗಿದ್ದ ವಾಹನ. ನೆರೆಗೆಂದು ಉಭಯಚರ ಬಂಡಿ ಕೊಳ್ಳಬಯಸುವ ಯಾವ ನಗರಕ್ಕೂ ಈ ಪಾಠ ಒಪ್ಪುತ್ತದೆ. ವರ್ಷದ ಮುನ್ನೂರಅರವತ್ತು ದಿನ ಅದನ್ನು ತೊಳೆದು, ಗ್ರೀಸ್ ಹಾಕಿ, ಎಂಜಿನ್ ಚಾಲೂ ಮಾಡಿ, ಚಾಲಕನ ಕೈ ಪಳಗಿಸಿಟ್ಟರೆ ಮಾತ್ರ ಉಳಿದ ಐದು ದಿನ ಅದು ಓಡುತ್ತದೆ.

ಬೇಲಾಪುರಕ್ಕೆ ಕೊನೆಗೂ 8.37 ಕೋಟಿ ರೂಪಾಯಿ ವೆಚ್ಚದ ಜೆಟ್ಟಿ ಬಂತು, 2022ರ ಫೆಬ್ರವರಿಯಲ್ಲಿ ಅಲ್ಲಿಂದ ವಾಟರ್ ಟ್ಯಾಕ್ಸಿಗೆ ಚಾಲನೆ ದೊರೆಯಿತು. 2024ರ ಜನವರಿಯಲ್ಲಿ 21.8 ಕಿಲೋಮೀಟರಿನ ಅಟಲ್ ಸೇತು ತೆರೆದು ನೆಲದ ದಾರಿಯ ಸುತ್ತನ್ನೂ ಕಡಿಮೆ ಮಾಡಿತು. ಹೋವರ್‌ಕ್ರಾಫ್ಟ್ ತಪ್ಪಿಸಬಹುದೆಂದುಕೊಂಡಿದ್ದ ದಡದ ಖರ್ಚನ್ನು ನಗರ ಕಾಲು ಶತಮಾನ ತಡವಾಗಿ ತೆತ್ತಿದೆ.